ಸ್ಥಳೇತಿಹಾಸದ ಆಕರಗಳು

ನಾಡಿನ ಚರಿತ್ರೆಯನ್ನು ಅರಸರ ಪಟ್ಟಾಭಿಷೇಕದಿಂದ ತೊಡಗುವುದು ವಾಡಿಕೆ. ಆದರೆ ಊರಿನ ಕೆರೆಯನ್ನು ಕಟ್ಟಿಸಿದವರಾರು, ಗೌಡಿಕೆಯು ಯಾವ ಮನೆತನಕ್ಕೆ ಎಂದು ಬಂದಿತು ಎಂಬ ಪ್ರಶ್ನೆಗಳಿಗೆ ಸ್ಥಳೇತಿಹಾಸವೇ ಉತ್ತರ ಹೇಳಬೇಕು. ಅದರ ಆಕರಗಳಲ್ಲಿ ಮೂರು ಮುಖ್ಯವಾದವು.

ಮೊದಲನೆಯದು ಕೈಫಿಯತ್ತು. 1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ತರುವಾಯ ಮೈಸೂರು ಸೀಮೆಯ ಮೋಜಣಿಗೆ ನಿಯುಕ್ತನಾದ ಕಾಲಿನ್ ಮೆಕೆಂಜಿಯು ಭೂಮಿಯ ಅಳತೆಯೊಡನೆ ಊರೂರಿನ ಪೂರ್ವವೃತ್ತಾಂತಗಳನ್ನೂ ಸಂಗ್ರಹಿಸಿದನು. ಕಡತಗಳನ್ನು ತಿರುವಿ, ವೃದ್ಧರಿಂದ ಕೇಳಿ ಇವನ್ನು ಒಟ್ಟುಗೂಡಿಸಿದವರು ಕಾವಲಿ ವೆಂಕಟ ಬೋರಯ್ಯ, ಲಕ್ಷ್ಮಯ್ಯ ಮೊದಲಾದ ದೇಶೀಯ ಪಂಡಿತರು. ಬೋರಯ್ಯನು 1803ರಲ್ಲಿಯೇ ತೀರಿಕೊಂಡನು. ಸಂಗ್ರಹಕ್ಕೆ ಮೆಕೆಂಜಿಯ ಹೆಸರು ನಿಂತಿತು. ಕನ್ನಡ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ 1994ರಲ್ಲಿ ಬೆಳಕಿಗೆ ತಂದರು.

ಎರಡನೆಯದು ಶಾಸನ. ಬಿ. ಎಲ್. ರೈಸ್ ಅವರು 1886ರಿಂದ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಶಾಸನಗಳು ತಾಲ್ಲೂಕುವಾರು ಜೋಡಣೆಗೊಂಡಿರುವುದರಿಂದ ತನ್ನೂರಿನ ಕಲ್ಲನ್ನು ಹುಡುಕುವವನಿಗೆ ದಾರಿ ಸುಗಮ.

ಮೂರನೆಯದು ಹೆಳವರ ಹೊತ್ತಗೆ. ಉತ್ತರ ಕರ್ನಾಟಕದಲ್ಲಿ ಎತ್ತನ್ನೇರಿ, ಗಂಟೆ ಬಾರಿಸುತ್ತ ಬಂದು, ಒಕ್ಕಲು ಮನೆತನಗಳ ವಂಶಾವಳಿಯನ್ನು ಹೊಗಳಿ ಹೇಳಿ ಕಾಳುಕಡಿ ಪಡೆಯುವುದು ಇವರ ಕುಲವೃತ್ತಿ.

ಈ ಮೂರರಲ್ಲಿ ಯಾವುದನ್ನೂ ಕಣ್ಣುಮುಚ್ಚಿ ನಂಬಲಾಗದು. ಸರಕಾರದ ಮುಂದೆ ತನ್ನ ಹಕ್ಕನ್ನು ಉಳಿಸಿಕೊಳ್ಳಬೇಕಾದವನು ಕೈಫಿಯತ್ತಿನಲ್ಲಿ ವಂಶವನ್ನು ಹಿಂದಕ್ಕೆ ಎಳೆದಾನು. ಶಾಸನವು ಸಮಕಾಲೀನವಾದರೂ ಪ್ರಶಸ್ತಿಯೆಲ್ಲವೂ ಸತ್ಯವಲ್ಲ. ಕೂಟ ತಾಮ್ರಪಟಗಳೂ ಉಂಟು. ದಾನ ಕೊಡುವ ಮನೆಯನ್ನು ಹೆಳವನು ಕುಂದಿಸಿ ಹೇಳಲಾರನು. ಆದುದರಿಂದ ಒಂದರ ಮಾತನ್ನು ಇನ್ನೊಂದರಿಂದ ಒರೆಗೆ ಹಚ್ಚುವುದೇ ಸಂಶೋಧಕನ ಧರ್ಮ.

ಬಾಲ್ಯದಲ್ಲಿ ಕಂಡ ಸಂಗತಿಯೊಂದು ನೆನಪಿಗೆ ಬರುತ್ತದೆ. ನಮ್ಮ ಮನೆಯ ಹೆಳವನು ಅಂಗಳದಲ್ಲಿ ಕುಳಿತು ಒಂಬತ್ತು ತಲೆಮಾರಿನ ಗಂಡಸರ ಹೆಸರುಗಳನ್ನು ಓದಿದನು. ಮೊರದಲ್ಲಿ ಜೋಳ ತಂದ ಅಜ್ಜಿಯು, “ಎಲ್ಲಾ ಖರೆ. ಇವರನ್ನೆಲ್ಲ ಹಡೆದವರು ಯಾರಪ್ಪಾ?” ಎಂದು ಕೇಳಿದಳು. ಅವನು ಹೊತ್ತಗೆಯನ್ನು ತಿರುವಿದನೇ ಹೊರತು ಉತ್ತರ ಕೊಡಲಿಲ್ಲ. ದಾನವಿತ್ತ ಸ್ತ್ರೀಯರ ಹೆಸರನ್ನು ಶಾಸನದ ಕಲ್ಲು ಉಳಿಸಿಕೊಂಡಿರುವಾಗ ಮನೆಯ ವಂಶಾವಳಿಯು ಮರೆತಿತ್ತು.

ಆ ಅಜ್ಜಿಯ ತಾಯಿಯ ಹೆಸರು ಇಂದು ನನಗೂ ತಿಳಿಯದು, ಕೇಳಬೇಕಾದಾಗ ಕೇಳಲಿಲ್ಲ. ವಾಚಕರು ತಮ್ಮ ಮನೆಯ ಹಿರಿಯರು ಇರುವಾಗಲೇ, ಕಾಲ ಮತ್ತು ಹೇಳಿದವರ ಹೆಸರು ಸಹಿತವಾಗಿ, ಇಂಥ ಸಂಗತಿಗಳನ್ನು ಬರೆದಿಟ್ಟುಕೊಳ್ಳಬೇಕು. ನಾಳಿನ ಚರಿತ್ರಕಾರನಿಗೆ ಅದೇ ಆಕರ.