ಶ್ರೀರಂಗಪಟ್ಟಣದ ರಾಕೆಟ್ ಮತ್ತು ಕಡಲ ರಕ್ಷಕರ ಬಳಗ

ಬಾಬುರಾಯನಕೊಪ್ಪಲು, ಗಂಜಾಂ ಸೇರಿದ ಶ್ರೀರಂಗಪಟ್ಟಣ ಸೀಮೆಯ ಚರಿತ್ರೆಯಲ್ಲಿ ರಾಕೆಟ್ಟಿಗೆ ದೊಡ್ಡ ಸ್ಥಾನವಿದೆ. ಆದರೆ ಆ ಕಥನ ಮೈಸೂರು ಸೇನೆ ಬ್ರಿಟಿಷರನ್ನು ಎದುರಿಸಿದ 1780ರ ಪೊಳ್ಳಿಲೂರು ಕದನದಿಂದ ಹೊರಟು, 1799ರ ಮೇ 4ರಂದು ಕೋಟೆ ಬಿದ್ದಲ್ಲಿಗೆ, ಹೆಚ್ಚೆಂದರೆ ಇಂಗ್ಲೆಂಡಿನ ಕಾಂಗ್ರೀವ್ ರಾಕೆಟ್ಟಿನ ಹತ್ತಿರಕ್ಕೆ ಬಂದು ನಿಂತುಬಿಡುತ್ತದೆ. ಅದು ಅಲ್ಲಿಗೆ ಮುಗಿಯುವುದಿಲ್ಲ ಎಂಬುದು ಈ ಲೇಖನದ ವಾದ. ಇಲ್ಲಿಂದ ಹೋದ ತಿಳಿವಳಿಕೆಯ ಒಂದು ಕವಲು ಹತ್ತೊಂಬತ್ತನೆಯ ಶತಮಾನದಲ್ಲಿ ಮುಳುಗುವ ಹಡಗುಗಳಿಂದ ಜನರನ್ನು ಉಳಿಸುವ ಸಾಧನವಾಯಿತು. ಹಲವು ದೇಶಗಳ ರಕ್ಷಕರು ಪರಸ್ಪರ ಹಂಚಿಕೊಂಡ ವಿದ್ಯೆಯೂ ಆಯಿತು.

ಮೈಸೂರಿನ ಕಮ್ಮಾರರ ಹೆಚ್ಚುಗಾರಿಕೆ ಇದ್ದದ್ದು ಕಬ್ಬಿಣದ ಕೊಳವೆಯಲ್ಲಿ. ಕಾಗದದ ಅಥವಾ ಬಿದಿರಿನ ಕೊಳವೆ ತಾಳದಷ್ಟು ಒತ್ತಡವನ್ನು ಕಬ್ಬಿಣ ತಾಳುತ್ತಿತ್ತು. ಮದ್ದನ್ನು ಗಟ್ಟಿಯಾಗಿ ತುಂಬಬಹುದಿತ್ತು, ರಾಕೆಟ್ ದೂರಕ್ಕೆ ಹಾರುತ್ತಿತ್ತು. ಹಿಡಿಕೆಯಾಗಿ ಬಿದಿರಿನ ಗಳು ಇಲ್ಲವೇ ಕತ್ತಿಯ ಅಲಗನ್ನು ಚರ್ಮದ ಪಟ್ಟಿಯಿಂದ ಬಿಗಿಯುತ್ತಿದ್ದರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಳೆಯ ಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಹೊರಬಂದವು. ತಯಾರಿಕೆಯ ಗಾತ್ರಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಶ್ರೀರಂಗಪಟ್ಟಣದ ಪತನದ ನಂತರ ಮೈಸೂರಿನ ರಾಕೆಟ್ಟುಗಳು ಲಂಡನ್ ಬಳಿಯ ವೂಲಿಚ್ ಶಸ್ತ್ರಾಗಾರ ತಲುಪಿದವು. ವಿಲಿಯಂ ಕಾಂಗ್ರೀವ್ 1804ರ ಸುಮಾರಿಗೆ ಪ್ರಯೋಗ ಆರಂಭಿಸಿದಾಗ ಲಂಡನ್ನಿನ ರಾಕೆಟ್ಟುಗಳು ಭಾರತದವುಗಳಷ್ಟು ದೂರ ಹೋಗಲಿಲ್ಲ. ಈ ಇಡೀ ಸಂಬಂಧವನ್ನು ದಾಖಲೆಗಳ ಆಧಾರದಿಂದ ಬಿಡಿಸಿಟ್ಟವರು ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ, 1985ರ ತಮ್ಮ ಅಧ್ಯಯನದಲ್ಲಿ.

ಯುದ್ಧದ ಈ ಸಾಧನ ರಕ್ಷಣೆಗೆ ತಿರುಗಿದ್ದು ಕಡಲ ಅನಾಹುತಗಳ ಒತ್ತಾಯದಿಂದ. ದಡದಿಂದ ಕೂಗಳತೆಯಲ್ಲೇ ಹಡಗು ಒಡೆದು, ನೋಡುತ್ತ ನಿಂತವರ ಕಣ್ಣೆದುರೇ ನಾವಿಕರು ಮುಳುಗುತ್ತಿದ್ದರು. 1807ರಲ್ಲಿ ಕಾರ್ನ್‌ವಾಲ್ ತೀರದಲ್ಲಿ ಆನ್ಸನ್ ನೌಕೆ ಹೀಗೆ ನಾಶವಾದ ಮೇಲೆ ಹೆನ್ರಿ ಟ್ರೆಂಗ್ರೌಸ್ ಎಂಬಾತ ರಾಕೆಟ್ಟಿನಿಂದ ಹಗ್ಗ ಎಸೆಯುವ ಉಪಾಯ ರೂಪಿಸಿದ. ಯುದ್ಧದ ರಾಕೆಟ್ ತಯಾರಿಸುತ್ತಿದ್ದ ಜಾನ್ ಡೆನೆಟ್ ಅದನ್ನು ಬಳಕೆಗೆ ತಂದ. 1832ರಲ್ಲಿ ವೈಟ್ ದ್ವೀಪದ ಬಳಿ ಬೇನ್‌ಬ್ರಿಜ್ ಹಡಗಿನ 19 ಮಂದಿ ಅವನ ರಾಕೆಟ್ಟಿನಿಂದ ಉಳಿದರು. 1865ರಲ್ಲಿ ಎಡ್ವರ್ಡ್ ಬಾಕ್ಸರ್ ಅದೇ ವೂಲಿಚ್‌ನಲ್ಲಿ ಎರಡು ಹಂತದ ರಕ್ಷಣಾ ರಾಕೆಟ್ ಸಿದ್ಧಪಡಿಸಿದ. ರಾಕೆಟ್ ತೆಳು ಹಗ್ಗವನ್ನು ಹಡಗಿಗೆ ಒಯ್ಯುತ್ತಿತ್ತು; ನಾವಿಕರು ಅದರಿಂದ ದಪ್ಪ ಹಗ್ಗ ಎಳೆದುಕೊಂಡು ಹಾಯಿಕಂಬಕ್ಕೆ ಕಟ್ಟಿದರೆ, ರಾಟೆಗೆ ತೂಗಿಬಿಟ್ಟ ತೇಲುಬಳೆಯಲ್ಲಿ ಒಬ್ಬೊಬ್ಬರಾಗಿ ದಡ ಸೇರಬಹುದಿತ್ತು.

ಈ ವಿದ್ಯೆಗೆ ಗಡಿ ಉಳಿಯಲಿಲ್ಲ. ಹಗ್ಗದ ಜೊತೆ ಹೋಗುತ್ತಿದ್ದ ಸೂಚನಾ ಹಲಗೆಯಲ್ಲಿ ಒಂದು ಮಗ್ಗುಲು ಇಂಗ್ಲಿಷ್, ಇನ್ನೊಂದು ಮಗ್ಗುಲು ಫ್ರೆಂಚ್ ಇತ್ತು. ಯಾವ ದೇಶದ ನಾವಿಕ ಸಿಕ್ಕಿಬಿದ್ದಿದ್ದಾನೆ ಎಂಬುದು ಮುಖ್ಯವಲ್ಲ ಎಂಬ ನಿಲುವಿನ ಲಿಖಿತ ರೂಪವದು. ಡೆನ್ಮಾರ್ಕಿನ ಉದಾಹರಣೆ ಇನ್ನೂ ಗಾಢವಾದದ್ದು. 1807ರ ಸೆಪ್ಟೆಂಬರಿನಲ್ಲಿ ಬ್ರಿಟಿಷರು ಕೋಪನ್‌ಹೇಗನ್ ನಗರವನ್ನು ಸುಟ್ಟಾಗ ಕಾಂಗ್ರೀವ್ ರಾಕೆಟ್ಟುಗಳನ್ನೂ ಬಳಸಿದ್ದರು. ಅದೇ ದೇಶದ ಕ್ರಿಸ್ಟೋಫರ್ ಕ್ಲೌಡಿ 1840ರ ದಶಕದಲ್ಲಿ ಇಂಗ್ಲೆಂಡಿಗೆ ಹೋಗಿ ಕಡಲ ರಕ್ಷಣೆಯ ಸಾಧನಗಳನ್ನು ಅಭ್ಯಾಸ ಮಾಡಿದ. 1852ರಲ್ಲಿ ಜಟ್ಲಂಡ್ ತೀರದಲ್ಲಿ ಸರ್ಕಾರಿ ರಕ್ಷಣಾ ಸೇವೆ ಸ್ಥಾಪನೆಯಾದಾಗ ರಾಕೆಟ್ ಅದರ ಭಾಗವಾಯಿತು. 1924ರಲ್ಲಿ ಲಂಡನ್ನಿನಲ್ಲಿ ಸೇರಿದ ಮೊದಲ ಅಂತರರಾಷ್ಟ್ರೀಯ ಜೀವರಕ್ಷಕ ದೋಣಿ ಸಮ್ಮೇಳನ ಇಂಥ ಕೊಡುಕೊಳೆಗೆ ಶಾಶ್ವತ ವೇದಿಕೆ ಒದಗಿಸಿತು.

ಈ ವಾದಕ್ಕೆ ಆಕ್ಷೇಪಗಳಿವೆ. ರಾಕೆಟ್ ಹುಟ್ಟಿದ್ದು ಚೀನಾದಲ್ಲಲ್ಲವೇ ಎನ್ನಬಹುದು. ನಿಜ, ಆದರೆ ದೊಡ್ಡ ಪ್ರಮಾಣದಲ್ಲಿ ಕಬ್ಬಿಣದ ಕೊಳವೆಯ ರಾಕೆಟ್ ಕಟ್ಟಿ ಯುರೋಪಿನ ಗಮನ ಸೆಳೆದದ್ದು ಮೈಸೂರು. ಟ್ರೆಂಗ್ರೌಸನಿಗೆ ಹೊಳೆದದ್ದು ಹಬ್ಬದ ಬಾಣಬಿರುಸು ಕಂಡು ಎಂಬ ಮಾತನ್ನೂ ಒಪ್ಪಬೇಕು. ಅವನನ್ನು ಮೈಸೂರಿನ ನೇರ ವಾರಸುದಾರನೆನ್ನಲು ಆಧಾರವಿಲ್ಲ. ಡೆನೆಟ್ ಮತ್ತು ಬಾಕ್ಸರ್ ಮಾತ್ರ ಕಾಂಗ್ರೀವ್ ಬೆಳೆಸಿದ ತಯಾರಿಕಾ ಪರಂಪರೆಯಲ್ಲೇ ನಿಂತವರು. ಮೂರನೆಯ ಆಕ್ಷೇಪವೇ ಗಂಭೀರ: ಗೆದ್ದವರು ಕೊಂಡೊಯ್ದದ್ದನ್ನು ಸ್ನೇಹವೆನ್ನಬಹುದೇ? ಖಂಡಿತ ಕೂಡದು. ಶ್ರೀರಂಗಪಟ್ಟಣದಿಂದ ವೂಲಿಚ್‌ಗೆ ರಾಕೆಟ್ ಹೋದದ್ದು ಸುಲಿಗೆಯ ದಾರಿಯಲ್ಲಿ. ಇಂಗ್ಲೆಂಡಿನಿಂದ ಜಟ್ಲಂಡಿಗೆ ಹೋದದ್ದು ಕಲಿಯಬಂದವನಿಗೆ ಕಲಿಸಿದ ದಾರಿಯಲ್ಲಿ. ಒಂದೇ ವಿದ್ಯೆ ಸೇನೆಯ ಕೈಯಲ್ಲಿ ಗುಟ್ಟಾಗಿತ್ತು, ರಕ್ಷಕರ ಕೈಯಲ್ಲಿ ಎಲ್ಲರ ಸೊತ್ತಾಯಿತು. ಈ ವ್ಯತ್ಯಾಸವನ್ನು ಮರೆಸುವುದು ಚರಿತ್ರೆಗೆ ಅನ್ಯಾಯ. ಮೂಲದ ಕುಶಲಕರ್ಮಿಗಳನ್ನು ಮರೆಯುವುದೂ ಅಷ್ಟೇ ಅನ್ಯಾಯ.

ಶ್ರೀರಂಗಪಟ್ಟಣದ ಮದ್ದಿನ ಮನೆಗಳನ್ನು ನಾವು ಇಂದಿಗೂ ಯುದ್ಧದ ಸ್ಮಾರಕಗಳಾಗಿಯೇ ತೋರಿಸುತ್ತೇವೆ. 2017ರಲ್ಲಿ ರೈಲು ಮಾರ್ಗಕ್ಕಾಗಿ ಅವುಗಳಲ್ಲೊಂದನ್ನು ಇಡಿಯಾಗಿ ಎತ್ತಿ ಬೇರೆಡೆಗೆ ಸರಿಸಿ ಉಳಿಸಿಕೊಂಡದ್ದು ಶ್ಲಾಘನೀಯ ಕೆಲಸ. ಅಷ್ಟೇ ಕಾಳಜಿಯಿಂದ ಆ ಕಟ್ಟಡದ ಮುಂದೆ ರಕ್ಷಣಾ ರಾಕೆಟ್ಟಿನ ಚರಿತ್ರೆಯನ್ನೂ ಕನ್ನಡದಲ್ಲಿ ಬರೆದು ನಿಲ್ಲಿಸಬೇಕು. ನಮ್ಮ ಶಾಲಾ ಪಠ್ಯಗಳು ರಾಕೆಟ್ ಕೊಂದವರ ಜೊತೆಗೆ ಅದು ಉಳಿಸಿದವರ ವಿಷಯವನ್ನೂ ಹೇಳಬೇಕು.