ಇದ್ದಿಲು ಹೊತ್ತವರ ಅಂಗಡಿಯಲ್ಲಿ ಹುಟ್ಟಿದ ಫ್ರೆಂಚ್ ಊಟ

ಪೇಟೆಯ ದೊಡ್ಡ ಹೋಟೆಲ್ಲಿನ ಮೆನುವಿನಲ್ಲಿ ‘ಫ್ರೆಂಚ್ ಬಿಸ್ಟ್ರೋ’ ಎಂಬ ಹೆಸರು ಕಂಡರೆ ಇದು ನಮ್ಮಂಥವರಿಗಲ್ಲ ಅನಿಸುತ್ತದೆ. ಆದರೆ ಪ್ಯಾರಿಸ್‌ನಲ್ಲಿ ಈ ಊಟದ ಅಂಗಡಿಗಳನ್ನು ಬೆಳೆಸಿದವರಲ್ಲಿ ಬಹಳಷ್ಟು ಮಂದಿ ಸಾಹುಕಾರರಲ್ಲ. ಹೊಟ್ಟೆಪಾಡಿಗೆ ಊರು ಬಿಟ್ಟ ಹಳ್ಳಿಯವರು.

ಫ್ರಾನ್ಸ್ ದೇಶದ ನಡುಭಾಗದಲ್ಲಿ ಓವೆರ್ನ್ ಎಂಬ ಗುಡ್ಡಗಾಡು ಪ್ರದೇಶವಿದೆ. ಚಳಿಗಾಲ ದೀರ್ಘ, ಬೆಳೆ ಕಡಿಮೆ. 18 ಮತ್ತು 19ನೇ ಶತಮಾನಗಳಲ್ಲಿ ಅಲ್ಲಿನವರು ಪ್ಯಾರಿಸ್‌ಗೆ ಗುಳೆ ಹೋಗುತ್ತಿದ್ದರು. ಆಗ ಅಲ್ಲಿನ ಹೆಚ್ಚಿನ ಮನೆಗಳಿಗೆ ನಲ್ಲಿ ಇರಲಿಲ್ಲ. ಇವರು ನೀರು ಹೊತ್ತು, ಮಹಡಿ ಮೆಟ್ಟಿಲು ಹತ್ತಿ, ಮನೆಮನೆಗೆ ಮಾರುತ್ತಿದ್ದರು. 1850ರ ನಂತರ ಕೊಳವೆ ನೀರು ಬರತೊಡಗಿತು. ನೀರು ಹೊರುವ ಕೆಲಸ ಹೋಯಿತು. ಆಗ ಅವರು ಸೌದೆ, ಇದ್ದಿಲು ಹೊತ್ತರು. ಅದೇ ಅಂಗಡಿಯಲ್ಲಿ ವೈನ್ ಕೂಡ ಮಾರಿದರು.

‘ವೈನ್ ಮತ್ತು ಇದ್ದಿಲು’ ಎಂದೇ ಬೋರ್ಡು ಇರುತ್ತಿತ್ತು. ಗಂಡ ಮೂಟೆ ಹೊತ್ತು ಹೋದರೆ ಹೆಂಡತಿ ಅಂಗಡಿ ನೋಡಿಕೊಳ್ಳುತ್ತಿದ್ದಳು. ಇದ್ದಿಲಿಗೆ ಬಂದವರು ನಿಂತು ಒಂದು ಲೋಟ ವೈನ್ ಕುಡಿಯುತ್ತಿದ್ದರು. ಕೆಲವು ಕಡೆ ಊಟವೂ ಸಿಗತೊಡಗಿತು. ನಗರದವರು ಇವರನ್ನು ‘ಬೂನ್ಯಾ’ ಎಂದು ಆಡಿಕೊಂಡರು. ಇದ್ದಿಲಿನವ ಮತ್ತು ಓವೆರ್ನಿನವ ಎಂಬ ಎರಡು ಮಾತು ಸೇರಿಸಿ ಮಾಡಿದ ಅಡ್ಡಹೆಸರು ಅದು.

‘ಬಿಸ್ಟ್ರೋ’ ಪದಕ್ಕೂ ಒಂದು ಕಥೆ ಕಟ್ಟಿದ್ದಾರೆ. 1814ರಲ್ಲಿ ಪ್ಯಾರಿಸ್ ಹಿಡಿದ ರಷ್ಯಾದ ಸೈನಿಕರು ‘ಬೇಗ ಕೊಡು’ ಎನ್ನಲು ‘ಬಿಸ್ಟ್ರೋ’ ಎಂದು ಕೂಗಿದರಂತೆ. ಭಾಷಾತಜ್ಞರು ಇದನ್ನು ಒಪ್ಪುವುದಿಲ್ಲ. ಆ ಪದ ಅಚ್ಚಿನಲ್ಲಿ ಕಾಣಿಸಿದ್ದೇ 1880ರ ದಶಕದಲ್ಲಿ.

ಅಡುಗೆಯೂ ಬಡವರದೇ. ‘ಕೊಕ್ ಓ ವ್ಯಾಂ’ ಎಂದರೆ ವೈನ್‌ನಲ್ಲಿ ಬೇಯಿಸಿದ ಹುಂಜ. ವಯಸ್ಸಾದ ಹುಂಜದ ಮಾಂಸ ಗಡಸು. ತುಂಡುಗಳನ್ನು ಕೊಬ್ಬಿನಲ್ಲಿ ಕೆಂಪಗೆ ಹುರಿದು, ಈರುಳ್ಳಿ, ಬೆಳ್ಳುಳ್ಳಿ, ಕ್ಯಾರೆಟ್, ಸೊಪ್ಪು ಸೇರಿಸಿ, ಕೆಂಪು ವೈನ್ ಸುರಿದು, ಸಣ್ಣ ಉರಿಯಲ್ಲಿ ಎರಡು ಮೂರು ಗಂಟೆ ಬಿಡಬೇಕು. ನಾಟಿ ಹುಂಜ ಬೇಯಿಸಿದವರಿಗೆ ಈ ತಾಳ್ಮೆ ಹೊಸದಲ್ಲ. ವೈನ್ ಎಷ್ಟು ಕುದಿದರೂ ಮದ್ಯದ ಅಂಶ ಪೂರ್ತಿ ಹೋಗುವುದಿಲ್ಲ. ಕುಡಿಯದವರು ಇದನ್ನು ತಿಳಿದಿರಬೇಕು.

ಯಾವ ಊಟಕ್ಕೆ ಯಾವ ವೈನ್ ಎಂಬುದು ಈಗ ದೊಡ್ಡ ವಿದ್ಯೆಯಂತೆ ಕಾಣುತ್ತದೆ. ಹಳ್ಳಿಯವರ ಲೆಕ್ಕ ಸರಳ: ಆ ಸೀಮೆಯ ಅಡುಗೆಗೆ ಆ ಸೀಮೆಯದೇ ವೈನ್. ಬರ್ಗಂಡಿಯ ದನದ ಮಾಂಸದ ಸಾರಿಗೆ ಬರ್ಗಂಡಿಯ ಕೆಂಪು ವೈನ್. ಅಲ್ಸಾಸ್‌ನ ಹುಳಿ ಎಲೆಕೋಸಿಗೆ ಅಲ್ಲಿಯದೇ ರೀಸ್ಲಿಂಗ್ ಬಿಳಿ ವೈನ್. ಪಕ್ಕದಲ್ಲಿ ಬೆಳೆದದ್ದು ಪಕ್ಕದಲ್ಲೇ ಬೆಂದಿತು, ಅಷ್ಟೇ.

ಓವೆರ್ನಿನವರು 1882ರಲ್ಲೇ ಪ್ಯಾರಿಸ್‌ನಲ್ಲಿ ತಮ್ಮದೇ ಪತ್ರಿಕೆ ಶುರು ಮಾಡಿದರು. ಹೆಸರು ‘ಲೋವೆರ್ನ್ಯಾ ದ ಪಾರಿ’, ಸ್ಥಾಪಕ ಲೂಯಿ ಬೊನೆ. ಅದೇ ಗುಡ್ಡಸೀಮೆಯಿಂದ ಬಂದ ಮಾರ್ಸೆಲ್ಯಾಂ ಕಾಜ್ 1920ರಲ್ಲಿ ‘ಲಿಪ್’ ಎಂಬ ಹೋಟೆಲ್ ಕೊಂಡರು. ಸಾಹಿತಿಗಳು, ರಾಜಕಾರಣಿಗಳು ಅಲ್ಲಿ ಊಟಕ್ಕೆ ಬರುತ್ತಿದ್ದರು. 1935ರಲ್ಲಿ ಕಾಜ್ ತಮ್ಮ ಹೆಸರಿನಲ್ಲೇ ಸಾಹಿತ್ಯ ಪ್ರಶಸ್ತಿ ಆರಂಭಿಸಿದರು.

ಮನೆಗೆ ಗ್ಯಾಸ್ ಬಂದಮೇಲೆ ಇದ್ದಿಲಿನ ವ್ಯಾಪಾರ ಮುಗಿಯಿತು. ಊಟ ಉಳಿಯಿತು, ಬೆಲೆಯೂ ಏರಿತು. ಮೆನುವಿನಲ್ಲಿ ಮಾತ್ರ ಆ ಮೂಟೆ ಹೊತ್ತವರ ಹೆಸರು ಇರುವುದಿಲ್ಲ.