ಮಲೆನಾಡಿನ ಕಾಲುದಾರಿಗೆ ಒಪ್ಪುವ ಮೌಂಟನ್ ಬೈಕ್

ಏನಿದು?

ಬೆಟ್ಟಗುಡ್ಡಗಳ ಕಚ್ಚಾ ದಾರಿಗೆಂದೇ ರೂಪಿಸಿದ ಸೈಕಲ್ಲಿಗೆ ಮೌಂಟನ್ ಬೈಕ್ ಎಂದು ಹೆಸರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1970ರ ದಶಕದಲ್ಲಿ ರೂಪುಗೊಂಡ ಈ ವಾಹನದ ಸ್ಪರ್ಧೆ 1996ರಲ್ಲಿ ಅಟ್ಲಾಂಟಾದಲ್ಲಿ ಮೊದಲ ಬಾರಿಗೆ ಒಲಿಂಪಿಕ್ಸ್‌ಗೆ ಸೇರಿತು. ಅಗಲವಾದ ಟೈರು, ನೀಳವಾದ ಹ್ಯಾಂಡಲ್, ಹಗುರ ಗೇರು ಮತ್ತು ಬಲವಾದ ಬ್ರೇಕು ಇದರ ಮುಖ್ಯ ಲಕ್ಷಣಗಳು. ಒಂದು ಸೈಕಲ್ ಮಾತ್ರ ಸಾಗಬಲ್ಲ ಕಿರಿದಾದ ಕಾಲುದಾರಿಯನ್ನು ಸವಾರರು ಸಿಂಗಲ್ ಟ್ರ್ಯಾಕ್ ಎನ್ನುತ್ತಾರೆ. ಕಾಲುದಾರಿ ಮತ್ತು ದೀರ್ಘ ಪಯಣ ಎರಡಕ್ಕೂ ಒಂದೇ ಸೈಕಲ್ ಬೇಕೆನ್ನುವವರು ಮೊದಲು ತಮ್ಮ ನೆಲದ ಗುಣವನ್ನು ಅರಿಯಬೇಕು.

ನೆಲದ ಸ್ವರೂಪ

ಮಲೆನಾಡಿಗೆ ಸೇರಿದ ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳು ಪಶ್ಚಿಮ ಘಟ್ಟದ ಮಡಿಲಲ್ಲಿವೆ. ಹೊಸನಗರ ತಾಲ್ಲೂಕಿನ ಕೊಡಚಾದ್ರಿಯ ಎತ್ತರ 1343 ಮೀಟರ್. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7000 ಮಿಲಿಮೀಟರ್ ಮೀರುತ್ತದೆ. ಇಲ್ಲಿನ ಜಂಬಿಟ್ಟಿಗೆಯ ನೆಲ ಬೇಸಿಗೆಯಲ್ಲಿ ಬಿಡಿ ಹರಳುಗಳಿಂದ ಜಾರುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿ ಇನ್ನಷ್ಟು ಜಾರುತ್ತದೆ. ಕಾನಿನ (ದಟ್ಟ ಕಾಡಿನ) ದಾರಿಗಳಲ್ಲಿ ಬೇರು ಮತ್ತು ತರಗೆಲೆ ಸಾಮಾನ್ಯ. ತೋಟದ ಬದಿಯ ದಾರಿಗೆ ಉಣುಗೋಲು (ಅಡ್ಡಗೋಲುಗಳ ಗೇಟು), ಹಳ್ಳಕ್ಕೆ ಸಂಕ (ಕಾಲುಸೇತುವೆ) ಇರುವುದರಿಂದ ಸೈಕಲ್ಲನ್ನು ಎತ್ತಿ ದಾಟಿಸುವ ಪ್ರಸಂಗ ಪದೇಪದೇ ಬರುತ್ತದೆ.

ಚೌಕಟ್ಟು ಮತ್ತು ಸಸ್ಪೆನ್ಷನ್

ಮುಂದಿನ ಚಕ್ರಕ್ಕೆ ಮಾತ್ರ ಸಸ್ಪೆನ್ಷನ್ ಇರುವ ಸೈಕಲ್ಲಿಗೆ ಹಾರ್ಡ್‌ಟೇಲ್ ಎಂದೂ, ಎರಡೂ ಚಕ್ರಗಳಿಗೆ ಇರುವುದಕ್ಕೆ ಫುಲ್ ಸಸ್ಪೆನ್ಷನ್ ಎಂದೂ ಹೆಸರು. ಎರಡನೆಯದು ಕಲ್ಲು ತುಂಬಿದ ಇಳಿಜಾರಿನಲ್ಲಿ ಹಿಂಚಕ್ರವನ್ನು ನೆಲಕ್ಕೆ ಹೊಂದಿಸಿ ಹಿಡಿಯುತ್ತದೆ, ಸವಾರನ ಆಯಾಸವನ್ನೂ ಕಡಿಮೆ ಮಾಡುತ್ತದೆ. ಆದರೆ ಅದರ ಕೀಲುಗಳಲ್ಲಿರುವ ಬೇರಿಂಗ್‌ಗಳಿಗೆ ಕೆಸರು ಮತ್ತು ನೀರು ಸೇರಿದರೆ ದುರಸ್ತಿ ಹೆಚ್ಚುತ್ತದೆ; ತೂಕ ಮತ್ತು ಬೆಲೆಯೂ ಹೆಚ್ಚು. ಆದ್ದರಿಂದ 100ರಿಂದ 120 ಮಿಲಿಮೀಟರ್ ಚಲನೆಯ ಫೋರ್ಕ್ (ಮುಂಚಕ್ರವನ್ನು ಹಿಡಿಯುವ ಕವಲು) ಉಳ್ಳ ಅಲ್ಯೂಮಿನಿಯಂ ಹಾರ್ಡ್‌ಟೇಲ್ ಈ ಭಾಗಕ್ಕೆ ಹೆಚ್ಚು ಸೂಕ್ತ. ಫೋರ್ಕನ್ನು ಬಿಗಿಗೊಳಿಸುವ ಲಾಕ್‌ಔಟ್ ಇದ್ದರೆ ಡಾಂಬರು ರಸ್ತೆಯ ಏರಿನಲ್ಲಿ ತುಳಿತದ ಶಕ್ತಿ ಪೋಲಾಗುವುದಿಲ್ಲ.

ಚಕ್ರ ಮತ್ತು ಟೈರು

ಮೌಂಟನ್ ಬೈಕ್ ಚಕ್ರಗಳಲ್ಲಿ 26, 27.5 ಮತ್ತು 29 ಇಂಚು ಎಂಬ ಮೂರು ಪ್ರಮುಖ ಅಳತೆಗಳಿವೆ. ದೊಡ್ಡ ಚಕ್ರ ಬೇರು ಮತ್ತು ಗುಂಡಿಗಳನ್ನು ಸುಲಭವಾಗಿ ದಾಟುತ್ತದೆ, ಹಿಡಿದ ವೇಗವನ್ನೂ ಕಾಯ್ದುಕೊಳ್ಳುತ್ತದೆ. ಚಿಕ್ಕ ಚಕ್ರ ತಿರುವಿನಲ್ಲಿ ಬೇಗ ಹೊರಳುತ್ತದೆ. ದೂರ ಪಯಣಕ್ಕೆ 29 ಇಂಚು ಅನುಕೂಲ. ಎತ್ತರ ಕಡಿಮೆ ಇರುವವರಿಗೆ 27.5 ಇಂಚು ಹಿಡಿತಕ್ಕೆ ಸುಲಭ. ಟೈರಿನ ಅಗಲ 2.2ರಿಂದ 2.4 ಇಂಚು ಇದ್ದರೆ ಸಾಕು. ಟೈರಿಗೂ ಚೌಕಟ್ಟಿಗೂ ನಡುವೆ ಕೆಸರು ಉದುರಿಹೋಗುವಷ್ಟು ಜಾಗ ಇರಬೇಕು. ಒಳಟ್ಯೂಬ್ ಇಲ್ಲದೆ ದ್ರವರೂಪದ ಸೀಲೆಂಟ್ ತುಂಬಿದ ಟ್ಯೂಬ್‌ಲೆಸ್ ಟೈರಿನಲ್ಲಿ ಸಣ್ಣ ಮುಳ್ಳಿನ ತೂತು ತಾನಾಗಿ ಮುಚ್ಚಿಕೊಳ್ಳುತ್ತದೆ. ಕಾಲುದಾರಿಯಲ್ಲಿ ಗಾಳಿಯ ಒತ್ತಡವನ್ನು ಕಡಿಮೆ ಇರಿಸಿದರೆ ಹಿಡಿತ ಹೆಚ್ಚುತ್ತದೆ. ಡಾಂಬರಿನ ಮೇಲೆ ತುಸು ಹೆಚ್ಚಿಸಿದರೆ ಓಟ ಹಗುರಾಗುತ್ತದೆ.

ಗೇರು

ಏರಿನ ನಾಡಿನಲ್ಲಿ ಅತಿ ವೇಗದ ಗೇರಿಗಿಂತ ಅತಿ ಹಗುರ ಗೇರು ಮುಖ್ಯ. 29 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2.3 ಮೀಟರ್ ಸಾಗುತ್ತದೆ. ಮುಂದೆ 32 ಹಲ್ಲು, ಹಿಂದೆ 51 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು 1.4 ಮೀಟರ್ ಮಾತ್ರ ಮುಂದೆ ಹೋಗುತ್ತದೆ. ಹಾಗಾಗಿ ಹೇರು ಕಟ್ಟಿದ ಸೈಕಲ್ಲಿನಲ್ಲೂ ಮಂಡಿಗೆ ಭಾರವಾಗದೆ ಕಡಿದಾದ ಏರನ್ನು ಹತ್ತಬಹುದು. ಹಿಂದೆ 10 ಹಲ್ಲಿನ ಗೇರಿಗೆ ಬಂದರೆ ಅದೇ ಸುತ್ತಿಗೆ 7 ಮೀಟರ್‌ಗೂ ಹೆಚ್ಚು ದೂರ ಸಾಗುತ್ತದೆ. ಮುಂದೆ ಒಂದೇ ಹಲ್ಲುಚಕ್ರ ಇರುವ ಈ ವ್ಯವಸ್ಥೆಯಲ್ಲಿ ಕೆಸರಿಗೆ ಸಿಲುಕುವ ಭಾಗಗಳೂ ಕಡಿಮೆ.

ಬ್ರೇಕು

ಸವಾರ, ಸೈಕಲ್ ಮತ್ತು ಹೇರು ಸೇರಿ 100 ಕಿಲೋ ತೂಕವಿದ್ದು, ಆಗುಂಬೆಯಂಥ ಘಾಟಿಯಲ್ಲಿ 500 ಮೀಟರ್ ಕೆಳಗಿಳಿದರೆ ಸುಮಾರು 4.9 ಲಕ್ಷ ಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಗಾಳಿಯ ತಡೆ ಮತ್ತು ಚಕ್ರದ ಉರುಳಿಕೆ ಹೀರಿ ಉಳಿದದ್ದು ಬ್ರೇಕಿನಲ್ಲಿ ಶಾಖವಾಗಬೇಕು. ಚಕ್ರದ ಅಂಚನ್ನು ಹಿಡಿಯುವ ರಬ್ಬರ್ ಬ್ರೇಕು ಮಳೆಯಲ್ಲಿ ದುರ್ಬಲಗೊಳ್ಳುವುದರಿಂದ ದ್ರವದ ಒತ್ತಡದಿಂದ ಲೋಹದ ತಟ್ಟೆಯನ್ನು ಹಿಡಿಯುವ ಹೈಡ್ರಾಲಿಕ್ ಡಿಸ್ಕ್ ಬ್ರೇಕು ಇಲ್ಲಿ ಅಗತ್ಯ. ಒದ್ದೆ ಮರಳಿನಲ್ಲಿ ರಾಳದ ಬ್ರೇಕ್ ಪ್ಯಾಡ್ ಬೇಗ ಸವೆಯುತ್ತದೆ, ಲೋಹದ ಪ್ಯಾಡ್ ಹೆಚ್ಚು ಬಾಳುತ್ತದೆ.

ಅಳತೆ ಮತ್ತು ದೂರ ಪಯಣ

ಸೈಕಲ್ಲಿನ ಅಳತೆ ಸವಾರನ ದೇಹಕ್ಕೆ ಹೊಂದದಿದ್ದರೆ ಉತ್ತಮ ಬಿಡಿಭಾಗಗಳೂ ನಿಷ್ಪ್ರಯೋಜಕ. ಪೆಡಲ್ ತಳದಲ್ಲಿದ್ದಾಗ ಮಂಡಿ ತುಸು ಬಾಗಿರಬೇಕು. ನೆಲಕ್ಕೆ ಕಾಲಿಟ್ಟು ನಿಂತಾಗ ಚೌಕಟ್ಟಿನ ಮೇಲಿನ ಕೊಳವೆಗೂ ದೇಹಕ್ಕೂ ನಡುವೆ ಅಂತರವಿರಬೇಕು. ನೀರಿನ ಬಾಟಲಿಗೆ ಎರಡು ಜಾಗ, ಕ್ಯಾರಿಯರ್ ಕೂರಿಸುವ ತೂತುಗಳು, ಉದ್ದನೆಯ ಮಡ್‌ಗಾರ್ಡ್ ಮತ್ತು ಪ್ರಖರ ದೀಪ ದೂರ ಪಯಣಕ್ಕೆ ಬೇಕು. ಹಿಂದಿನ ಗೇರು ಬದಲಿಸುವ ಸಾಧನವನ್ನು ಕೂರಿಸುವ ಹ್ಯಾಂಗರ್ ಎಂಬ ಸಣ್ಣ ತುಣುಕು ಸೈಕಲ್ ಬಿದ್ದಾಗ ಬೇಗ ಬಾಗುತ್ತದೆ. ಆಯಾ ಚೌಕಟ್ಟಿಗೆ ತಕ್ಕ ತುಣುಕೇ ಬೇಕಾಗುವುದರಿಂದ ಹೆಚ್ಚುವರಿ ಹ್ಯಾಂಗರನ್ನು ಕೊಳ್ಳುವಾಗಲೇ ತೆಗೆದಿಟ್ಟುಕೊಳ್ಳುವುದು ಕ್ಷೇಮ.

ಕೊಳ್ಳುವ ಮೊದಲು

ಹಣ ಮಿತವಾಗಿದ್ದರೆ ಮೊದಲು ಸರಿಯಾದ ಅಳತೆ, ನಂತರ ಬ್ರೇಕು, ಆಮೇಲೆ ಟೈರು ಮತ್ತು ಗೇರು ಎಂಬ ಕ್ರಮದಲ್ಲಿ ಗಮನ ಕೊಡಬೇಕು. ಬಣ್ಣ ಮತ್ತು ಹೆಸರು ಕೊನೆಯ ವಿಚಾರ. ಅಂಗಡಿಯಲ್ಲಿ ಸೈಕಲ್ಲನ್ನು ಎತ್ತಿ ನೋಡಿ, ಏರಿನಲ್ಲಿ ತುಳಿದು ನೋಡಿ, ಆಮೇಲೆ ನಿರ್ಧರಿಸಿ. ಅಭಯಾರಣ್ಯದ ಒಳದಾರಿಗೆ ಅರಣ್ಯ ಇಲಾಖೆಯ ಅನುಮತಿಯನ್ನೂ, ತೋಟದ ದಾರಿಗೆ ಮನೆಯವರ ಒಪ್ಪಿಗೆಯನ್ನೂ ಪಡೆಯಿರಿ. ದಾಟಿದ ಉಣುಗೋಲನ್ನು ಮರೆಯದೆ ಹಾಕಿ ಮುಂದೆ ಸಾಗಿ.